ನಿಧಿ ಚಾಡಿ ಹೇಳ್ಲಿಲ್ಲ, ನಾನು ಹೇಳಿಸಿದೆ

ಸ್ವಲ್ಪ ತಡೀರಿ, ಇದೊಂದನ್ನ ಕೇಳ್ಕೊಂಡು ಹೋಗಿ. ಎರಡು ವರ್ಷದ ಹಿಂದೆ ಒಬ್ಬ ಹುಡುಗೀನ ಅವಳ ಗೆಳತಿ ಮೇಲೇ ಗೂಢಚಾರಿಕೆಗೆ ಬಿಟ್ಟಿದ್ದು ನಾನು. ಅವಳು ಸಿಕ್ಕಿಬಿದ್ದಾಗ ಬಾಯಿ ಮುಚ್ಕೊಂಡಿದ್ದೂ ನಾನೇ. ಅವಳಿಗಾಗ ಹದಿಮೂರು. ಹೆಸರುಗಳನ್ನ ಬದಲಾಯಿಸಿದೀನಿ, ಅಷ್ಟೇ.

ನಾನು ಟೀಚರ್ ಅಲ್ಲ. ಹಾಸನದವಳು, ಇನ್ಶೂರೆನ್ಸ್ ಆಫೀಸಲ್ಲಿ ಕೆಲಸ. ನಾಟಕ ಅಂದ್ರೆ ಹುಚ್ಚು — ಯಾರೂ ಹೇಳ್ಕೊಟ್ಟಿದ್ದಲ್ಲ, ಓದಿ ಓದಿ ಅಂಟಿಸ್ಕೊಂಡಿದ್ದು. ಚೆನ್ನೈಗೆ ಬಂದ ವರ್ಷಾನೇ ಪೋರೂರಿನ ನಮ್ಮ ಅಪಾರ್ಟ್‌ಮೆಂಟಲ್ಲಿ ಕನ್ನಡದ ಮಕ್ಕಳಿಗೆ ಭಾನುವಾರ ಬೆಳಗ್ಗೆ ಕನ್ನಡ ಕ್ಲಾಸ್ ಶುರು ಮಾಡಿದೆ. ಎಂಟು ಮಕ್ಕಳು. ಕನ್ನಡ ಅರ್ಥ ಆಗುತ್ತೆ, ಉತ್ತರ ಮಾತ್ರ ತಮಿಳಲ್ಲೇ ಬರುತ್ತೆ.

ಅವರಿಗೊಂದು ಹಳೇ ದುರಂತ ನಾಟಕ ಹೇಳ್ಕೊಡೋಕೆ ಹೊರಟೆ. ರಾಜನ ಪಕ್ಕದಲ್ಲೇ ಕೂತು ಉಂಡವರು ಅವನನ್ನ ಮುಗಿಸೋ ಕಥೆ. ಅಧಿಕಾರ, ನಿಷ್ಠೆ ಅಂತ ಭಾಷಣ ಮಾಡಿದ್ರೆ ಆಕಳಿಸ್ತಾರೆ ಅಂತ ಒಂದು ಆಟ ಕಟ್ಟಿದೆ. ಧನುಷ್ ಅನ್ನೋ ಹುಡುಗನ್ನ ರಾಜ ಮಾಡಿದೆ. ಕಾನೂನು ಒಂದೇ — ತಮಿಳು ಮಾತಾಡಿದವರು ಕ್ಲಾಸ್ ಮುಗಿಯೋವರೆಗೂ ನಿಂತಿರ್ಬೇಕು. ಎರಡೇ ವಾರಕ್ಕೆ ಅವನು ನಿಜವಾದ ರಾಜ ಆಗ್ಬಿಟ್ಟ. ಯಾರಾದ್ರೂ ಸೀನಿದ್ರೂ, “ಅದು ತಮಿಳು ಸೀನು, ನಿಂತ್ಕೋ” ಅಂತಿದ್ದ.

ಸಿರಿ ಅನ್ನೋಳಿಗೆ ರೇಗಿಹೋಯ್ತು. ಲಿಫ್ಟ್ ಹತ್ರ ಉಳಿದವರನ್ನ ಸೇರಿಸ್ಕೊಂಡು ಪಿಸುಪಿಸು ಶುರು ಮಾಡಿದ್ಲು. ನನಗೆ ಖುಷಿಯೋ ಖುಷಿ — ನಾಟಕ ಕಣ್ಣೆದುರಿಗೇ ನಡೀತಿದೆ! ಆದ್ರೆ ಪಿತೂರಿ ಎಲ್ಲಾ ತಮಿಳಲ್ಲಿ, ಅದೂ ಆ ವಯಸ್ಸಿನವರ ಸ್ಪೀಡಲ್ಲಿ. ನನಗೆ ನಾಲ್ಕರಲ್ಲಿ ಒಂದು ಮಾತು ಸಿಕ್ಕಿದ್ರೆ ಹೆಚ್ಚು. ಮುಂದಿನ ಭಾನುವಾರ ಅಪ್ಪ ಅಮ್ಮಂದಿರು ಕ್ಲಾಸ್ ನೋಡೋಕೆ ಬರೋರಿದ್ರು. ಎಲ್ಲಾ ನನ್ನ ಕೈಯಲ್ಲೇ ಇದೆ ಅಂತ ಅವರಿಗೆ ಅನ್ನಿಸ್ಬೇಕು — ಅಷ್ಟೇ, ಅಷ್ಟು ಸಣ್ಣದು ನನ್ನ ತಲೇಲಿದ್ದಿದ್ದು.

ಸಿರಿಯ ಜೀವದ ಗೆಳತಿ ನಿಧಿ. ಅವಳನ್ನ ಪಕ್ಕಕ್ಕೆ ಕರೆದೆ.

“ಅವರೇನು ಪ್ಲಾನ್ ಮಾಡ್ತಿದಾರೆ ಅಂತ ನಂಗೆ ಕನ್ನಡದಲ್ಲಿ ಬರೆದು ಕಳ್ಸು ಪುಟ್ಟಿ. ಇದೂ ಪಾಠಾನೇ. ನಾನು ಕೇಳ್ದೆ ಅಂತ ಯಾರ್ಗೂ ಹೇಳ್ಬಾರ್ದು. ಪ್ರಾಮಿಸ್?”

“ಸಿರಿಗೂನಾ ಅಕ್ಕಾ?”

“ಸಿರಿಗೂ.”

ಶನಿವಾರ ಮೆಸೇಜ್ ಬಂತು. ‘ರಾಜ ನಿಂತುಕೋ ಅಂದರೆ ಯಾರು ನಿಂತುಕೊಳ್ಳಲ್ಲ. ಎಲ್ಲರು ತಮಿಳು ಮಾತಾಡುತ್ತಾರೆ.’ ಆ ಹುಡುಗಿ ಕನ್ನಡದಲ್ಲಿ ಬರೆದ ಮೊದಲ ಪೂರ್ತಿ ವಾಕ್ಯ ಅದು. ನಾನು ಅದಕ್ಕೂ ಹಿಗ್ಗಿದೆ — ಅಂಥಾ ದಡ್ಡಿ.

ಭಾನುವಾರ ಅಪ್ಪ ಅಮ್ಮಂದಿರು ಹಿಂದೆ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಕೂತಿದ್ರು. ನಾನು ನಗ್ತಾ, “ಇವತ್ತು ರಾಜ ನಿಂತ್ಕೋ ಅಂದ್ರೆ ಯಾರೂ ನಿಂತ್ಕೊಳ್ಳಲ್ಲ, ಅಲ್ವಾ?” ಅಂದೆ. ದೊಡ್ಡವರೆಲ್ಲ ನಕ್ಕರು. ಮಕ್ಕಳು ನಗಲಿಲ್ಲ. ಒಬ್ಬರ ಮುಖ ಒಬ್ಬರು ನೋಡ್ಕೊಂಡ್ರು. ತಲೆ ತಗ್ಗಿಸಿದ್ದು ನಿಧಿ ಒಬ್ಬಳೇ.

ಸಿರಿ ಅವಳ ಕಡೆ ತಿರುಗಿದ್ಲು. “ನೀಯಾಡೀ?”

ನೀನೇನೇ ಹೇಳಿದ್ದು? ಅಂತ. ಅಷ್ಟು ತಮಿಳು ನನಗೂ ಅರ್ಥ ಆಯ್ತು.

ನಿಧಿ ನನ್ನ ಕಡೆ ನೋಡಿದ್ಲು. ನಾನೇ ಕೇಳಿದ್ದು ಅಂತ ಒಂದು ಮಾತು — ಒಂದೇ ಒಂದು ಮಾತು ಸಾಕಿತ್ತು. ನಾನು ಹೇಳಿದ್ದೇನು ಗೊತ್ತಾ? “ನೋಡಿದ್ರಾ, ನಾಟಕದಲ್ಲೂ ಹೀಗೇ. ದ್ರೋಹ ಮಾಡೋರು ಯಾವಾಗ್ಲೂ ಹತ್ತಿರದವರೇ.” ಚಪ್ಪಾಳೆ ಬಿತ್ತು. ನಿಧಿ ಅಮ್ಮ ಮಾತ್ರ ಹೊಡೀಲಿಲ್ಲ.

ಆಮೇಲೆ ನಿಧಿ ಕ್ಲಾಸಿಗೆ ಬರಲಿಲ್ಲ. ಎಲ್‌ಕೆಜಿಯಿಂದ ಸ್ಕೂಲ್ ವ್ಯಾನಲ್ಲಿ ಒಂದೇ ಸೀಟಲ್ಲಿ ಕೂರ್ತಿದ್ದ ಅವಳೂ ಸಿರೀನೂ ಬೇರೆ ಬೇರೆ ಕೂತ್ರು. ಮಕ್ಕಳು ಅವಳಿಗೆ ‘ಸ್ಪೈ’ ಅಂತಾನೇ ಹೆಸರಿಟ್ರು. ನನ್ನ ಕಿವಿಗೂ ಬಿತ್ತು. ನಾನು ಮುಂದಿನ ಅಂಕ ಪಾಠ ಮಾಡ್ಕೊಂಡು ಹೋದೆ —

ಹೋದ ವಾರ ಲಿಫ್ಟಲ್ಲಿ ನಾವಿಬ್ಬರೇ ಸಿಕ್ಕಿದ್ವಿ. “ನಿಧಿ, ಅವತ್ತು...” ಅಂತ ಬಾಯಿ ತೆಗೆದೆ. ಮುಗಿಸೋಕೆ ಬಿಡಲಿಲ್ಲ.

“ಯಾರ್‌ಕಿಟ್ಟಯೂ ಸೊಲ್ಲಲ ಅಕ್ಕಾ.”

ಯಾರ್ಗೂ ಹೇಳಿಲ್ಲ ಅಕ್ಕಾ. ನನಗೆ ಧೈರ್ಯ ಹೇಳೋ ಥರ ಅಂದ್ಲು! ಎರಡು ವರ್ಷ. ಅಮ್ಮನಿಗೂ ಹೇಳಿರಲಿಲ್ಲ. ನಾನು ಹೇಳ್ಲಾ ಅಂತ ಕೇಳಿದೆ. ಭುಜ ಕುಣಿಸಿ, “ನಿಮ್ಮಿಷ್ಟ” ಅಂದ್ಲು.

ಮೊದಲು ಅವಳ ಅಮ್ಮನಿಗೆ ಹೇಳಿದೆ. ಆಮೇಲೆ ಸಿರಿಗೆ. ಸಿರಿ ಪೂರ್ತಿ ಕೇಳಿ, “ಇಷ್ಟು ದಿನ ಯಾಕೆ ಸುಮ್ನಿದ್ರಿ?” ಅಂದ್ಲು. ಸಿರಿ, ನಿಧಿ ಇನ್ನೂ ಮಾತಾಡಿಲ್ಲ. ಈ ಭಾನುವಾರ ಅವತ್ತು ಚಪ್ಪಾಳೆ ಹೊಡೆದವರನ್ನೆಲ್ಲ ಕರೆದಿದೀನಿ. ಅವರ ಮುಂದೂ ಇದನ್ನೇ ಹೇಳ್ತೀನಿ.

ನಿಮ್ಮಲ್ಲಿ ಯಾರಾದ್ರೂ ಚಿಕ್ಕವರಿದ್ದಾಗ ಯಾವುದೋ ಟೀಚರ್ ಮಾಡಿದ ತಪ್ಪನ್ನ ಹೊತ್ಕೊಂಡಿದ್ರೆ, ಕೆಳಗೆ ಬರೀರಿ. ಅವರು ವಾಪಸ್ ಬಂದು ಏನಂದಿದ್ರೆ ನಿಮಗೆ ಸ್ವಲ್ಪ ಹಗುರ ಆಗ್ತಿತ್ತು? ಭಾನುವಾರದ ಒಳಗೆ ನಾನು ಓದ್ಬೇಕು.