ಇಗರ್ಜಿಗೊಂದು ಅರ್ಜಿ

ಸಂಜೆ ಕರೆಂಟು ಹೋಯಿತು. ಇನ್ವರ್ಟರ್ ಬ್ಯಾಟರಿ ಸತ್ತು ಎಷ್ಟೋ ದಿನವಾಯಿತು, ಬದಲಿಸುತ್ತೇನೆಂದು ನಮ್ಮ ಮನೆಯವರು ಹೇಳುತ್ತಲೇ ಇದ್ದಾರೆ. ತಡಕಾಡಿ ಒಂದು ಮೇಣದಬತ್ತಿ ಹಚ್ಚಿದೆ. ಕರಗಿದ ಮೇಣದ ವಾಸನೆ ಮೂಗಿಗೆ ಬಡಿದದ್ದೇ ತಡ, ಹಳೆಯ ಕಳವಳ ಎದ್ದು ಕೂತಿತು. ನಿಮಗೆ ಮೇಣದಬತ್ತಿಯೆಂದರೆ ಹುಟ್ಟುಹಬ್ಬ ನೆನಪಾಗಬಹುದು. ನನಗೆ ಮಾತ್ರ ಕಲಘಟಗಿಯ ಆಚೆ, ಕಾಡಂಚಿನ ಸಿದ್ದಿಗಳ ಊರಿನ ಹಳೆಯ ಚರ್ಚು.

ಐದಾರು ವರ್ಷದ ಹಿಂದಿನ ಮಾತು. ನನ್ನ ಎದೆಯಲ್ಲೊಂದು ಗಂಟು ಕಾಣಿಸಿಕೊಂಡು, ಡಾಕ್ಟರು ಅದರ ತುಣುಕು ತೆಗೆದು ಪರೀಕ್ಷೆಗೆ ಕಳಿಸಿದ್ದರು. ರಿಪೋರ್ಟ್ ಬಂದ ಕೂಡಲೇ ಫೋನ್ ಮಾಡುತ್ತೇವೆ ಎಂದಿದ್ದರು. ಅಂದಿನಿಂದ ಫೋನನ್ನು ಕೂಸಿನ ಹಾಗೆ ಎತ್ತಿಕೊಂಡೇ ತಿರುಗುತ್ತಿದ್ದೆ. ಹಾಲಿನವನ ಫೋನ್ ಬಂದರೂ ಮೊದಲ ರಿಂಗಿಗೇ ಎತ್ತುತ್ತಿದ್ದೆ. ಇದನ್ನೆಲ್ಲ ನೋಡುತ್ತಿದ್ದ ಅತ್ತೆ ಒಂದು ಮುಂಜಾನೆ ಇಳಕಲ್ ಸೀರೆ ಉಟ್ಟು, ಕೈಯಲ್ಲೊಂದು ತೆಂಗಿನಕಾಯಿ ಹಿಡಿದು ನಿಂತುಬಿಟ್ಟರು.

"ಏಳು, ಈಗರ್ಜಿಗೆ ಹೋಗಿ ಬರೂಣು."

ಲಿಂಗಪೂಜೆಯಾಗದೆ ನೀರು ಮುಟ್ಟದ ಅತ್ತೆಗೂ ಚರ್ಚಿಗೂ ಏನು ನಂಟು ಎನ್ನಬೇಡಿ. ಮಾವ ಆ ಊರಿನಲ್ಲಿ ಮಾಸ್ತರರಾಗಿದ್ದಾಗ ಪಕ್ಕದ ಮನೆಯ ರೋಜಿಬಾಯಿ ಎಂಬ ಸಿದ್ದಿ ಹೆಂಗಸು ಇವರ ಜೀವದ ಗೆಳತಿ. ಅವರ ಕೊಂಕಣಿಯಲ್ಲಿ ಚರ್ಚಿಗೆ ಇಗರ್ಜಿ ಎನ್ನುತ್ತಾರೆ. ಅತ್ತೆಯ ಕಿವಿಗೆ ಅದು 'ಈಗ ಅರ್ಜಿ' ಎಂದು ಬಿದ್ದದ್ದು, ಹಾಗೆಯೇ ಉಳಿದಿತ್ತು.

"ಈಗ ಅರ್ಜಿ ಕೊಟ್ರ ಮರಿಯವ್ವ ಈಗ ಕೇಳ್ತಾಳ. ಕಚೇರ್ಯಾಗಿನವರಗತೆ ನಾಳಿ ಬಾ ಅನ್ನೂದಿಲ್ಲ."

ನಾನು ಓದಿದವಳು, ಇಂಥದ್ದನ್ನೆಲ್ಲ ನಂಬದವಳು. ಆದರೂ ಹೊರಟೆ. ಬಸ್ಸು ಕಲಘಟಗಿ ದಾಟಿದ್ದೇ ಫೋನಿನ ರೇಂಜು ಹೋಯಿತು. ಈಗಲೇ ಆಸ್ಪತ್ರೆಯವರು ಫೋನ್ ಮಾಡಿದರೆ? ಹತ್ತಲಿಲ್ಲವೆಂದು ಸುಮ್ಮನಾದರೆ? ಕಿಟಕಿಯಿಂದ ಫೋನು ಹೊರಗೆ ಚಾಚಿ ಕೂತ ನನ್ನನ್ನು ಕಂಡಕ್ಟರ್ ಬೈದು ಕೈ ಒಳಗೆ ಹಾಕಿಸಿದ.

ಚರ್ಚು ನಾನೆಣಿಸಿದಷ್ಟು ದೊಡ್ಡದಲ್ಲ. ಕೆಂಪು ಕಲ್ಲಿನ ಗೋಡೆ, ಹೆಂಚಿನ ಮಾಡು, ಮೊಳಕಾಲೆತ್ತರಕ್ಕೆ ಪಾಚಿ. ಬ್ರಿಟಿಷರ ಕಾಲದಲ್ಲಿ ಬಿಳಿ ಪಾದ್ರಿಯೊಬ್ಬ ಕಟ್ಟಿಸಿದ್ದಂತೆ. ಹಡಗಿನಲ್ಲಿ ಆಫ್ರಿಕಾದಿಂದ ತಂದು ಗೋವೆಯಲ್ಲಿ ಗುಲಾಮರಾಗಿ ಮಾರಿದಾಗ, ಕೊಂಡವರಿಂದ ತಪ್ಪಿಸಿಕೊಂಡು ಈ ಕಾಡು ಸೇರಿದವರು ರೋಜಿಬಾಯಿಯ ಹಿರಿಯರು. ಕಲ್ಲು ಹೊತ್ತವರು ಅವರ ಮಕ್ಕಳು, ಮೊಮ್ಮಕ್ಕಳು.

"ಪಾದ್ರಿ ಹೆಸರು ಬಾಗಲ ಮ್ಯಾಲ ಐತ್ರಿ. ನಮ್ಮ ಹಿರ್ಯಾರದು ಗ್ವಾಡ್ಯಾಗ ಐತಿ," ಎಂದು, ಊರೊಳಗೆ ನಮ್ಮ ಜೊತೆಯಾಗಿದ್ದ ರೋಜಿಬಾಯಿ ಗೋಡೆ ಸವರಿದರು. ಅತ್ತೆಯ ಕೈಯ ಕಾಯಿಯನ್ನೂ ಮೆಲ್ಲಗೆ ಕಸಿದುಕೊಂಡರು. "ಇಲ್ಲಿ ಒಡ್ಯಾಂಗಿಲ್ರಿ ಅಕ್ಕಾರ. ಊಟಕ್ಕ ಚಟ್ನಿ ಮಾಡ್ತೇನಿ."

ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋದೆವು. ಅತ್ತೆ ಕೂಸು ಎತ್ತಿಕೊಂಡ ಮರಿಯವ್ವನ ಮೂರ್ತಿಯ ಮುಂದೆ ಮೇಣದಬತ್ತಿ ಹಚ್ಚಿ, ಸೆರಗು ಹೊದ್ದು, ಎಲ್ಲರಿಗೂ ಕೇಳುವ ಹಾಗೆ ಶುರು ಮಾಡಿದರು.

"ಅರ್ಜಿದಾರಳು ನೀಲವ್ವ. ಮುಕ್ಕಾಂ ಧಾರವಾಡ, ತಾಲೂಕು ಧಾರವಾಡ, ಜಿಲ್ಲಾ ಧಾರವಾಡ. ನನ್ನ ಮಗಳ ರಿಪೋರ್ಟು ಛಲೋ ಬರ್ಲಿ. ಇಷ್ಟ."

"ಅತ್ತಿ, ಸೊಸಿ ಅನ್ರಿ," ಎಂದು ಪಿಸುಗುಟ್ಟಿದೆ. ವಿವರ ತಪ್ಪಾದರೆ ಅರ್ಜಿ ತಿರಸ್ಕಾರವಾದೀತೆಂಬ ದಿಗಿಲು, ನೋಡಿ, ನಂಬದವಳಿಗೆ!

"ಸುಮ್ನಿರು. ಸೊಸಿ ಅಂದ್ರ, ಆಕಿ ತವರಿನವರನ್ನ ಕರ್ಕೊಂಬಾ ಅಂತ ಹೊಳ್ಳಿ ಕಳಸ್ತಾರ."

ನನ್ನ ತವರಿನಲ್ಲಿ ಕರೆತರಲು ಯಾರೂ ಉಳಿದಿರಲಿಲ್ಲ. ಅದು ಅತ್ತೆಗೆ ಗೊತ್ತಿತ್ತು. ಅಷ್ಟು ದಿನ ತಡೆದಿಟ್ಟ ಅಳು ಅಲ್ಲೇ ಬಂತು, ನಾಚಿಕೆಬಿಟ್ಟು ಅತ್ತುಬಿಟ್ಟೆ.

ಊಟದ ಹೊತ್ತಿಗೆ ಚೇತರಿಸಿಕೊಂಡ ನನ್ನೊಳಗಿನ ಪಂಡಿತೆ ಇಗರ್ಜಿಯ ನಿಜವಾದ ಅರ್ಥ ಹೇಳಲು ಬಾಯಿ ತೆರೆದಳು. ರೋಜಿಬಾಯಿ ಕಣ್ಣಿನಲ್ಲೇ ತಡೆದು, ತಾಟಿಗೆ ಇನ್ನಷ್ಟು ಚಟ್ನಿ ಹಾಕಿದರು. ಆಮೇಲೆ ಹಿತ್ತಲಿನಲ್ಲಿ ಹೇಳಿದರು: "ಬ್ಯಾಡ್ರಿ ತಂಗಿ. ಅಕ್ಕಾರನ್ನ ನೋಡಿ ಈಗ ನಾವೂ ಹಂಗ ಊರು, ಹೆಸರು ಹೇಳೇ ಬೇಡ್ಕೋತೇವಿ."

ಮರಳುವಾಗ ಕಲಘಟಗಿಯ ಬಸ್ ಸ್ಟ್ಯಾಂಡಿನಲ್ಲಿ ಫೋನ್ ಬಂತು. ಬರೀ ಕೊಬ್ಬಿನ ಗಂಟು, ಹೆದರುವಂಥದ್ದಲ್ಲ ಎಂದರು. ಅತ್ತೆಗೆ ಆಶ್ಚರ್ಯವೇನೂ ಆಗಲಿಲ್ಲ. "ಮಿರ್ಚಿ ಬಿಸಿ ಅದಾವ, ತೊಗೋ," ಎಂದರು.

ಈಗ ಸರದಿ ಅತ್ತೆಯದು. ಊಟ ಸೇರುತ್ತಿಲ್ಲ, ಸೊರಗಿದ್ದಾರೆ. ಪರೀಕ್ಷೆಗಳಾಗಿವೆ, ನಾಳೆ ರಿಪೋರ್ಟು. ರೋಜಿಬಾಯಿಯ ಊರಿಗೆ ಹೋಗುವ ಶಕ್ತಿ ಅವರಲ್ಲಿಲ್ಲ. ಅವರನ್ನು ಬಿಟ್ಟು ಹೋಗುವ ಧೈರ್ಯ ನನಗಿಲ್ಲ. ಒಳಕೋಣೆಯಲ್ಲಿ ಮಲಗಿದ್ದಾರೆ, ನಿದ್ದೆ ಹತ್ತಿರಬೇಕು. ಆಚೀಚೆ ನೋಡಿ, ಮೇಣದಬತ್ತಿಯ ಮುಂದೆ ಸೆರಗು ಹೊದ್ದು ಕೂತೆ. ನನ್ನ ಹೆಸರು ಹೇಳಿದೆ.

"ಮುಕ್ಕಾಂ ಧಾರವಾಡ, ಜಿಲ್ಲಾ ಧಾರವಾಡ. ನಮ್ಮವ್ವನ ರಿಪೋರ್ಟು ಛಲೋ ಬರ್ಲಿ. ಇಷ್ಟ."

ಒಳಗಿನಿಂದ ಸಣ್ಣ ದನಿ ಬಂತು.

"ತಾಲೂಕು ಬಿಟ್ಟಿ ನೋಡು."