ಮಾವ ಬರುವ ತನಕ

ಎಪ್ಪತ್ತರ ದಶಕದ ಆರಂಭದಲ್ಲಿ ನಾನು ಮುಂಬಯಿಯ ಒಂದು ಆಸ್ಪತ್ರೆಯ ಕಣ್ಣಿನ ವಿಭಾಗದಲ್ಲಿ ಸರ್ಜನ್ ಆಗಿದ್ದೆ. ಕಣ್ಣಿನ ಮುಂಭಾಗದ ಪಾರದರ್ಶಕ ಪದರಕ್ಕೆ ಕಾರ್ನಿಯಾ ಎನ್ನುತ್ತಾರೆ. ದಾನಿ ತೀರಿಕೊಂಡ ಸುಮಾರು ಆರು ಗಂಟೆಯೊಳಗೆ ಕಣ್ಣು ತೆಗೆಯದಿದ್ದರೆ ಅದು ಕಸಿಗೆ ಒದಗುವುದಿಲ್ಲ.

ಆಗ ವಾರ್ಡಿನಲ್ಲಿ ಗದಗ ಕಡೆಯ ಮೆಹಬೂಬ್ ಇದ್ದ. ವರ್ಕ್‌ಶಾಪಿನಲ್ಲಿ ಲೇಥ್ ಕೆಲಸ. ಒಂದು ಕಣ್ಣು ಬಾಲ್ಯದ ಸಿಡುಬಿಗೆ ಹೋಗಿತ್ತು. ಇನ್ನೊಂದಕ್ಕೆ ಕಬ್ಬಿಣದ ಚೂರು ಸಿಡಿದು, ಹುಣ್ಣಾಗಿ, ಕಾರ್ನಿಯಾ ಬೆಳ್ಳಗಾಗಿತ್ತು. ಅದನ್ನು ಬದಲಿಸಿದರೆ ಅವನಿಗೆ ಕಾಣಿಸುವ ಸಾಧ್ಯತೆ ಚೆನ್ನಾಗಿತ್ತು.

ಒಂದು ಬೆಳಿಗ್ಗೆ ಚೆಂಬೂರಿನಿಂದ ಫೋನ್ ಬಂತು. ಹೋಟೆಲ್ ನಡೆಸುತ್ತಿದ್ದ ಉಡುಪಿ ಕಡೆಯ ಶೀನ ಶೆಟ್ಟರು ಆಗಷ್ಟೇ ತೀರಿಕೊಂಡಿದ್ದರು. ನೇತ್ರದಾನಕ್ಕೆ ಸಹಿ ಹಾಕುವಾಗ ಅವರು ನಕ್ಕಿದ್ದರು: "ಸತ್ತ ಮೇಲೆ ಗಲ್ಲಾ ನೋಡ್ಲಿಕ್ಕೆ ಉಂಟಾ ಡಾಕ್ಟ್ರೆ? ತಗೊಳ್ಳಿ."

ಮೆಹಬೂಬನನ್ನು ಆಪರೇಷನ್ನಿಗೆ ಸಿದ್ಧಗೊಳಿಸಲು ಹೇಳಿ ನಾನು ಹೊರಟೆ. ಶವದ ಬಳಿ ತಿರುಗುತ್ತಿದ್ದ ಫ್ಯಾನ್ ಆರಿಸಿ, ರೆಪ್ಪೆ ಮುಚ್ಚಿ, ಒದ್ದೆ ಹತ್ತಿ ಇಟ್ಟೆ. ಶೆಟ್ಟರ ಹೆಂಡತಿ ಗಿರಿಜಕ್ಕ ಅಳುತ್ತಲೇ ಒಪ್ಪಿದರು. ನಾನು ಸಲಕರಣೆಯ ಪೆಟ್ಟಿಗೆ ತೆರೆಯುವಷ್ಟರಲ್ಲಿ ನೆಂಟರೊಬ್ಬರು ಮೆಲ್ಲಗೆ ನನ್ನ ಕೈ ತಡೆದರು.

"ಮಾವ ಬರದೆ ಮುಟ್ಲಿಕ್ಕಾಗುದಿಲ್ಲ ಡಾಕ್ಟ್ರೆ. ನಮ್ಮಲ್ಲಿ ಹೆಂಡತಿ ಮಕ್ಕಳು ಬೇರೆ ಕುಟುಂಬ."

ಅವರದು ಅಳಿಯಕಟ್ಟು. ಗಂಡಸು ಕೊನೆಯವರೆಗೂ ತಾಯಿಯ ಕುಟುಂಬಕ್ಕೆ ಸೇರಿದವನು. ಅಲ್ಲಿ ಸೋದರಮಾವನೇ ಹಿರಿಯ. ಆ ಮಾವ ಅಂಧೇರಿಯ ಮನೆಯಿಂದ ಯಾವುದೋ ಪಂಚಾಯ್ತಿಗೆ ಹೋಗಿದ್ದರು. ಹುಡುಕಲು ಇಬ್ಬರು ಲೋಕಲ್ ರೈಲು ಹತ್ತಿದರು.

ನಾನು ಗಡಿಯಾರ ತೋರಿಸಿದೆ. ದನಿ ಏರಿಸಿದೆ. "ಸತ್ತವರೇ ಕೊಟ್ಟದ್ದಲ್ಲವೇ?" ಎಂದೆ.

"ಹೌದು, ಖಂಡಿತ ಕೊಡುವ. ಮಾವ ಬರಲಿ," ಎಂದರು. ಯಾರಿಗೂ ನನ್ನ ಮೇಲೆ ಸಿಟ್ಟಿಲ್ಲ. ನನಗೆ ಕುರ್ಚಿ ಹಾಕಿದರು, ಎರಡು ಸಲ ಕಾಫಿ ತಂದರು. ಅಂಥ ಸೌಜನ್ಯದ ಎದುರು ಜಗಳವಾಡುವುದು ಹೇಗೆಂದು ನನಗೆ ತಿಳಿಯಲಿಲ್ಲ.

ಮಾವ ಬಂದಾಗ ಮಧ್ಯಾಹ್ನ ಕಳೆದಿತ್ತು, ಕಣ್ಣು ತೆಗೆಯುವ ಗಡುವೂ ಮೀರಿತ್ತು. ವಿಷಯ ಕೇಳಿ ಅವರು ಸೇರಿದವರನ್ನೇ ಗದರಿದರು: "ಇದಕ್ಕೆ ನನ್ನನ್ನು ಕಾಯುವುದಾ? ನಾನು ಬೇಡ ಅಂತೇನೆಯಾ? ತೆಗೀರಿ ಡಾಕ್ಟ್ರೆ."

ನಾನು ಹತ್ತಿ ಸರಿಸಿ ಟಾರ್ಚ್ ಹಿಡಿದೆ. ಎರಡೂ ಕಾರ್ನಿಯಾ ಮಬ್ಬಾಗಿದ್ದವು. ಪೆಟ್ಟಿಗೆ ಮುಚ್ಚಿದೆ.

ವಾರ್ಡಿನಲ್ಲಿ ಮೆಹಬೂಬ್ ಆಪರೇಷನ್ನಿಗೆಂದು ಹೊಟ್ಟೆಗಿಲ್ಲದೆ ಮಲಗಿದ್ದ. ಹೆಜ್ಜೆಯ ಸದ್ದಿಗೇ ಎದ್ದು ಕೂತ.

"ಅವರು ಬ್ಯಾಡ ಅಂದ್ರೇನ್ರಿ ಸಾಹೇಬ್ರ?"

"ಯಾರೂ ಬೇಡ ಅನ್ನಲಿಲ್ಲ," ಎಂದು ನಡೆದದ್ದನ್ನು ಹೇಳಿದೆ.

"ನಮ್ಮ ಮನ್ಯಾಗೂ ಹಂಗ ಬಿಡ್ರಿ. ದೊಡ್ಡಪ್ಪ ಬರೂತನಕ ಯಾರೂ ಬಾಯಿ ಬಿಡಂಗಿಲ್ಲ," ಎಂದ. ಅವನು ರೇಗಿದ್ದರೆ ನನಗೆ ಹಗುರವಾಗುತ್ತಿತ್ತು. ಕೆಲವು ವಾರ ಕಾದು, ಅಣ್ಣನ ಕೈ ಹಿಡಿದು ಊರಿಗೆ ಹೋದ. ಮುಂದೆ ಬೇರೆ ಕಣ್ಣು ಸಿಕ್ಕಾಗ ತಂತಿ ಕಳಿಸಿದೆವು. ಅವನು ಬರಲಿಲ್ಲ.

ದಾನಿಯ ಮನಸ್ಸು ಒಳ್ಳೆಯದಿದ್ದರೆ ಸಾಕೆಂದು ಅಲ್ಲಿಯವರೆಗೆ ನಂಬಿದ್ದೆ. ಆಮೇಲೆ ಸಹಿ ಹಾಕಲು ಬಂದ ಪ್ರತಿಯೊಬ್ಬರಿಗೂ ಮೊದಲು ಒಂದೇ ಪ್ರಶ್ನೆ ಕೇಳಿದೆ: "ನೀವು ಹೋದ ದಿನ ನಿಮ್ಮವರು ಯಾರಿಗಾಗಿ ಕಾಯುತ್ತಾರೆ? ಅವರನ್ನು ಈಗಲೇ ಕರೆದುಕೊಂಡು ಬನ್ನಿ."