ನಿಂತುಹೋಗುತ್ತಿದ್ದ ಉಸಿರು

ನಾಗಮ್ಮ, ನೀನು ಸುಳ್ಳು ಹೇಳಿರಲಿಲ್ಲ. ಹೇಳಿದವಳು ನಾನು, ನಿನ್ನ ಗಂಡನ ಅಕ್ಕ — ಅದನ್ನು ಇಷ್ಟು ವರ್ಷ ನುಂಗಿಕೊಂಡು ಕೂತಿದ್ದೆ.

ತಾಯಿಯಿಲ್ಲದ ತಮ್ಮ ಮಾದಪ್ಪನನ್ನು ಸಾಕಿದವಳು ನಾನು. ಮಲಗಿದರೆ ಅವನ ಗೊರಕೆ ಬೀದಿಗೆ ಕೇಳುತ್ತಿತ್ತು. ನಡುನಡುವೆ ಥಟ್ಟನೆ ನಿಲ್ಲುತ್ತಿತ್ತು. ಎದೆ ಏರಿಳಿಯುತ್ತದೆ, ಉಸಿರಿಲ್ಲ — ಆಮೇಲೆ ನೀರಿನಲ್ಲಿ ಮುಳುಗಿ ಎದ್ದವನಂತೆ ಗಾಳಿ ಎಳೆದುಕೊಳ್ಳುತ್ತಿದ್ದ. ಮಗ್ಗುಲಿಗೆ ಹೊರಳಿಸಿ ಸುಮ್ಮನಾಗುತ್ತಿದ್ದೆ. ಹಗಲಲ್ಲಿ ಆಲೆಮನೆಯಲ್ಲಿ ಕೂತಲ್ಲೇ ತೂಕಡಿಸುವವನನ್ನು ನಮ್ಮೂರು ಸತ್ತೇಗಾಲದವರು ಸೋಮಾರಿ ಎಂದರು. ಹೆಣ್ಣು ಕೊಡುವ ಮುಂಚೆ ನಿಮ್ಮ ಬಂಡಳ್ಳಿಯವರು "ಹುಡ್ಗನಿಗೆ ಕಾಯಿಲೆ ಕಸಾಲೆ ಏನಾರ ಐತಾ?" ಎಂದು ಕೇಳಿದಾಗ ಇಲ್ಲವೆಂದವಳೂ ನಾನೇ.

ಮದುವೆಯಾಗಿ ಬಂದ ವರ್ಷವೇ ನೀನು ಹಿರಿಯರ ಮುಂದೆ ಬಾಯಿಬಿಟ್ಟೆ. "ಮಲಗಿದ್ರೆ ಅವ್ರ ಉಸ್ರೇ ನಿಂತೋಯ್ತದೆ. ಕೊಳ್ಳೇಗಾಲದ ಆಸ್ಪತ್ರೆಗೆ ಕರ್ಕಂಡು ಓಗವಾ."

ಎಲ್ಲರೂ ನನ್ನ ಮುಖ ನೋಡಿದರು. ಮುಚ್ಚಿಟ್ಟದ್ದು ಬಯಲಾಗುತ್ತದಲ್ಲ — "ಅವನ್ನ ಎತ್ತಿ ಆಡಿಸ್ದೋಳು ನಾನು. ಅಂಥದ್ದೇನೂ ಇಲ್ಲ. ಇವ್ಳಿಗೆ ಬಾಳೋಕೆ ಇಷ್ಟ ಇಲ್ಲ, ಅದ್ಕೆ ನೆಪ" ಎಂದೆ.

ನಿದ್ದೆಯಲ್ಲಿ ಆಗುವುದು ಮಾದಪ್ಪನಿಗೇನು ಗೊತ್ತು? ನನ್ನನ್ನೇ ನಂಬಿದ. ನಿನ್ನಣ್ಣ ಬಂದು ನಿನ್ನನ್ನು ಕರೆದೊಯ್ದ.

ವರ್ಷಗಳ ಮೇಲೆ ಅವನ ಕಾಲು ಊದಿಕೊಂಡಿತು. ಮೈಸೂರಿಗೆ ಕರೆದೊಯ್ದೆ. ಡಾಕ್ಟರು ಕೆದಕಿ ಕೇಳಿದಾಗ ಮೊದಲ ಸಲ ನಿಜ ಹೇಳಿದೆ. ನಿದ್ದೆಯಲ್ಲಿ ಗಂಟಲು ಮುಚ್ಚಿಕೊಳ್ಳುತ್ತದೆ, ಉಸಿರಿಗೆ ದಾರಿಯಿಲ್ಲದೆ ಗುಂಡಿಗೆ ದಣಿದುಹೋಗಿದೆ ಎಂದರು. ಈ ಕಾಯಿಲೆಯನ್ನು ನಾವೂ ಈಗೀಗ ತಿಳಿದುಕೊಳ್ಳುತ್ತಿದ್ದೇವೆ ಎಂದರು. ಕತ್ತಿನ ಮುಂದೆ, ಉಸಿರು ಹೋಗುವ ಕೊಳವೆಗೇ ತೂತು ಮಾಡಿ ನಳಿಕೆ ಇಟ್ಟರು. ಮಾದಪ್ಪ ಸದ್ದಿಲ್ಲದೆ ಮಲಗಿದ. ಎದ್ದಾಗ ಅವನ ಕಣ್ಣು ಎಷ್ಟು ತಿಳಿಯಾಗಿತ್ತು...

ಗಾಯ ಮಾಗಿದ ಮೇಲೆ ನಳಿಕೆಗೆ ಬೆರಳು ಒತ್ತಿ ಮಾತಾಡಿದ. "ನಾಗು ಏಳಿದ್ದು ದಿಟ ಅಲ್ವಾ, ಅಕ್ಕಾ?"

"ದಿಟ ಕಣಪ್ಪ."

"ಓಗಿ ಕರ್ಕಂಬಾ."

ಹೊರಟೆ. ಕೊಳ್ಳೇಗಾಲದಲ್ಲಿ ನಿಮ್ಮೂರಿಗೆ ಹೋಗುವ ಹನೂರಿನ ಕಡೆಯ ಬಸ್ಸು ನಿಂತಿತ್ತು — ಹತ್ತಲಾಗಲಿಲ್ಲ. ನಿನ್ನ ಮುಂದೆ ಏನೆಂದು ಬಾಯಿ ತೆರೆಯಲಿ... ಬಸ್ಸು ಹೋಯಿತು. ಮನೆಗೆ ಮರಳಿ, "ಅವ್ಳು ಬರಾಕಿಲ್ವಂತೆ ಕಣಪ್ಪ" ಎಂದೆ.

ಅವನು ತಲೆಯಾಡಿಸಿದ, ಅಷ್ಟೆ. ಆಮೇಲೆ ಬದುಕಿದ್ದಷ್ಟು ಕಾಲ ನಿನ್ನ ಹೆಸರೆತ್ತಲಿಲ್ಲ. ಆ ಸುಳ್ಳನ್ನು ಎದೆಯಲ್ಲಿಟ್ಟುಕೊಂಡೇ ಹೋದ.

ನಿನಗೂ ಇದು ತಿಳಿಯದೆ ಹೋಗಬಾರದು. ಅವನು ನಿನ್ನನ್ನು ಕರೆದಿದ್ದ, ನಾಗಮ್ಮ. ಬರುವುದಿಲ್ಲವೆಂದು ನೀನು ಅಂದಿರಲಿಲ್ಲ. ನಾನು ನಿನ್ನನ್ನು ಕೇಳಿಯೇ ಇರಲಿಲ್ಲ.